ಗಡಿಗೆಯ ಆಕಾಶ, ಗಡಿಗೆಯ ನೀರು

ಲಿನಕ್ಸಿನ ಎಫ್‌ಡಿಸ್ಕ್‌ನಲ್ಲಿ ಕೂತು ಹೊಸ ಡಿಸ್ಕನ್ನು ಪಾಲು ಮಾಡುವಾಗ, ಇಷ್ಟು ಇದಕ್ಕೆ, ಇಷ್ಟು ಅದಕ್ಕೆ ಎಂದು ಎಷ್ಟು ಲೆಕ್ಕ ಹಾಕಿದರೂ ಡಿಸ್ಕಿಗೆ ಸುದ್ದಿಯೇ ಮುಟ್ಟುವುದಿಲ್ಲ. ಡಬ್ಲ್ಯು ಒತ್ತಿದ ಮೇಲೆಯೇ ಬರಹ. ಬರೆಯುವುದಾದರೂ ಎಷ್ಟು? ಹಳೆಯ ಎಂಬಿಆರ್ ಪದ್ಧತಿಯಲ್ಲಿ ಮೊದಲ ಸೆಕ್ಟರಿನ 512 ಬೈಟುಗಳೊಳಗೆ ಪಾಲುಪಟ್ಟಿಗೆ ಸಿಗುವುದು 64 ಬೈಟು, ಪಾಲಿಗೆ 16ರಂತೆ ನಾಲ್ಕಕ್ಕೆ. ಮಿಕ್ಕ ಡಿಸ್ಕು ಇದ್ದ ಹಾಗೇ ಇರುತ್ತದೆ.

ಕೋಲಾರ ಸೀಮೆಯ ನಮ್ಮೂರು ವಕ್ಕಲೇರಿಯ ಮನೆಯಲ್ಲಿ ಕೂತು ಕೆಲಸ ಮಾಡುವ ದಿನ ದೊಡ್ಡಪ್ಪ ಪಕ್ಕಕ್ಕೆ ಬರುತ್ತಾರೆ. ಜಮೀನು ಪಾಲು ಮಾಡಿಸುವ ಪೋಡಿಗೆ ಅಲೆದು ಪಳಗಿದ ಜೀವ.

"ಗೆರೆ ಎಲ್ಲೈತೆ, ತೋರ್ಸಪ್ಪ."

"ಗೆರೆ ಇಲ್ಲ ದೊಡ್ಡಪ್ಪ, ಪಟ್ಟಿ ಅಷ್ಟೆ."

"ಕಲ್ಲೂ ನೆಟ್ಟಿಲ್ವಾ? ಹಂಗಾದ್ರೆ ಭಾಗ ಆಗಿಲ್ಲ ಬಿಡು."

ಅದ್ವೈತದ ಗೌಡಪಾದರು ಕೇಳಿದ್ದರೆ ಹೌದೌದು ಅನ್ನುತ್ತಿದ್ದರು. ಮಾಂಡೂಕ್ಯ ಕಾರಿಕೆಯ ಮೂರನೆಯ ಪ್ರಕರಣದಲ್ಲಿ ಅವರು ಹಿಡಿದದ್ದು ಗಡಿಗೆಯೊಳಗಿನ ಆಕಾಶವನ್ನು. ಗಡಿಗೆ ಇದ್ದಾಗ ಬೇರೆ ಎನ್ನಿಸುತ್ತದೆ, ಒಡೆದರೆ ಒಂದೇ, ಜೀವವೂ ಹಾಗೆ. ಮುಂದೆ ಅವರು ಹೇಳುವ ಇನ್ನೊಂದು ಮಾತನ್ನು ಸರ್ವರ್ ನೋಡಿಕೊಳ್ಳುವ ಯಾರೂ ಮರೆಯಬಾರದು: ಒಂದು ಗಡಿಗೆಯ ಆಕಾಶಕ್ಕೆ ಧೂಳು, ಹೊಗೆ ತುಂಬಿದರೆ ಎಲ್ಲ ಗಡಿಗೆಗಳಿಗೂ ಅದು ಹತ್ತುವುದಿಲ್ಲ. ನಾವು ವಾರ್ ಡೈರೆಕ್ಟರಿಗೆ ಬೇರೆ ಪಾಲು ಕೊಡುವುದು ಇದಕ್ಕೇ. ಲಾಗ್ ಫೈಲುಗಳು ರಾತ್ರೋರಾತ್ರಿ ಉಬ್ಬಿ ಅದನ್ನು ತುಂಬಿಸಿದರೂ ಮುಖ್ಯ ಪಾಲಾದ ರೂಟ್ ಉಸಿರಾಡುತ್ತಿರಬೇಕು. ಕಲ್ಪಿತ ಗಡಿಯೇ, ಆದರೆ ಹೊಗೆಯನ್ನು ತಡೆಯುತ್ತದೆ!

ಎಲ್‌ವಿಎಂ ಇನ್ನೂ ಒಂದು ಹೆಜ್ಜೆ ಮುಂದೆ, ಹಲವು ಡಿಸ್ಕುಗಳನ್ನು ಒಂದೇ ಮಾಡಿ ಹಂಚುತ್ತದೆ. ಪಿವಿಕ್ರಿಯೇಟ್ ಮಾಡಿದ ಡಿಸ್ಕುಗಳನ್ನು ವಿಜಿಕ್ರಿಯೇಟ್ ಒಂದು ಗುಂಪಿಗೆ ಸೇರಿಸಿದರೆ, ಸಾಮಾನ್ಯವಾಗಿ 4 ಎಂಬಿಯ ತುಣುಕುಗಳ ಒಂದೇ ರಾಶಿ. ಆ ರಾಶಿಯಿಂದ ಎಲ್‌ವಿಕ್ರಿಯೇಟ್ ತೆಗೆದುಕೊಟ್ಟ ವಾಲ್ಯೂಮಿನ ಅರ್ಧ ಈ ಡಿಸ್ಕಿನಲ್ಲಿ, ಅರ್ಧ ಆ ಡಿಸ್ಕಿನಲ್ಲಿ ಇದ್ದೀತು. ಮೇಲೆ ಕೂತ ಡೇಟಾಬೇಸಿಗೆ ಅದು ಅಖಂಡ. ಅದ್ವೈತಿಗೆ ಹಬ್ಬ.

ನನ್ನ ತಕರಾರು ಎಲ್‌ವಿರೆಡ್ಯೂಸ್‌ನ ಹತ್ತಿರ ಶುರುವಾಗುತ್ತದೆ. ವಾಲ್ಯೂಮನ್ನು ಕುಗ್ಗಿಸುವ ಮೊದಲು ಅದರೊಳಗಿನ ಫೈಲ್‌ಸಿಸ್ಟಮನ್ನು ಕುಗ್ಗಿಸಿಕೊಳ್ಳಬೇಕು. ಕ್ರಮ ತಪ್ಪಿತೋ, ಫೈಲ್‌ಸಿಸ್ಟಮಿನ ಬಾಲ ಗಡಿಯಾಚೆ ಬೀಳುತ್ತದೆ. ಒಂದು ಬೈಟನ್ನೂ ಯಾರೂ ಅಳಿಸಿಲ್ಲ, ಗಡಿ ಸರಿದಿದೆ ಅಷ್ಟೆ; ಆದರೂ ಡೇಟಾ ಹೋಯಿತೆಂದೇ ಲೆಕ್ಕ. ಗಡಿಗೆ ಒಡೆದರೆ ಆಕಾಶಕ್ಕೆ ನಷ್ಟವಿಲ್ಲ, ಒಪ್ಪೋಣ. ಒಳಗೆ ನೀರಿದ್ದರೆ? ನೀರಿಗೆ ಬರ ಕಂಡ ಕೋಲಾರ ಸೀಮೆಯವನು ಈ ಪ್ರಶ್ನೆ ಕೇಳದೆ ಬಿಡುವುದು ಹೇಗೆ?

ಪಟ್ಟಿ ಉಳಿದರೆ ಸಾಕೆನ್ನುವವರೂ ಇದ್ದಾರೆ. ಎಲ್‌ವಿಎಂ ತನ್ನ ಹಳೆಯ ಪಟ್ಟಿಗಳನ್ನು ಓದಬಲ್ಲ ಅಕ್ಷರಗಳಲ್ಲೇ ಬರೆದಿಟ್ಟಿರುತ್ತದೆ. ವಿಜಿಸಿಎಫ್‌ಜಿರಿಸ್ಟೋರ್ ಕೊಟ್ಟರೆ ಗಡಿಗಳು ಮರಳಿ ಬರುತ್ತವೆ. ಅಷ್ಟರಲ್ಲಿ ಆ ಜಾಗದ ಮೇಲೆ ಬೇರೆ ಬರಹ ಬಿದ್ದಿದ್ದರೆ ಬರುವುದು ಗಡಿ ಮಾತ್ರ. ಇದಕ್ಕೆ ನಮ್ಮೂರೇ ಸಾಕ್ಷಿ. ಊರಿನ ಹೆಸರನ್ನು ಇತಿಹಾಸದ ಪುಸ್ತಕಗಳಲ್ಲಿ ಉಳಿಸಿದ್ದು ಬಾದಾಮಿ ಚಾಲುಕ್ಯರ ಇಮ್ಮಡಿ ಕೀರ್ತಿವರ್ಮನ 757ರ ತಾಮ್ರಪಟ. ಅದರಲ್ಲಿ ದಾನ ಕೊಟ್ಟದ್ದು ಪಾನುಂಗಲ್ಲು, ಅಂದರೆ ಈಗಿನ ಹಾನಗಲ್ಲಿನ ಸೀಮೆಯ ಸುಳ್ಳಿಯೂರನ್ನು; ಪಟ ಸಿಕ್ಕಿದ್ದು ಇಲ್ಲಿ. ಕೊಟ್ಟ ರಾಜ್ಯ ಆಗಲೇ ರಾಷ್ಟ್ರಕೂಟರ ಕೈಗೆ ಜಾರುತ್ತಿತ್ತು. ಆ ತಾಮ್ರ ಹಿಡಿದು ಇವತ್ತು ಹಾನಗಲ್ಲಿಗೆ ಹೋದರೆ ಒಂದು ಗುಂಟೆಯೂ ಸಿಗದು.

ಎಲ್ಲೆಯ ಮಾತಿಗೆ ನಮ್ಮೂರಲ್ಲಿ ಇನ್ನೊಂದು ನೆಪವಿದೆ. ಊರ ಬೆಟ್ಟದ ಮಾರ್ಕಂಡೇಶ್ವರನಿಂದಾಗಿ ಊರಿನ ಮಕ್ಕಳಿಗೆಲ್ಲ ಮಾರ್ಕಂಡೇಯ ಯಮಪಾಶದಿಂದ ಪಾರಾದ ಕಥೆ ಗೊತ್ತು. ನನಗೆ ಹಿಡಿಸಿದ್ದು ಮಹಾಭಾರತದ ಅರಣ್ಯಪರ್ವದ ಮಾರ್ಕಂಡೇಯ. ಪ್ರಳಯದಲ್ಲಿ ಎಲ್ಲೆಡೆ ಒಂದೇ ನೀರು, ಯಾವ ಎಲ್ಲೆಯೂ ಇಲ್ಲ. ಆಲದ ಕೊಂಬೆಯ ಮೇಲಿನ ಮಗು ಬಾಯಿ ತೆರೆಯುತ್ತದೆ, ಋಷಿ ಒಳಹೋಗುತ್ತಾನೆ. ಅಲ್ಲಿ ಗಂಗೆ, ಯಮುನೆ, ಗೋದಾವರಿ ಬೇರೆ ಬೇರೆ ಹರಿಯುತ್ತಿವೆ, ರಾಜ್ಯಗಳಿವೆ, ಪಟ್ಟಣಗಳಿವೆ, ಉಳುವವರು ಉಳುತ್ತಿದ್ದಾರೆ. ವರ್ಷಗಟ್ಟಲೆ ನಡೆದರೂ ಕೊನೆ ಸಿಗುವುದಿಲ್ಲ.

ಎಲ್ಲೆ ಅಳಿಯುವುದೇ ಸತ್ಯವಾಗಿದ್ದರೆ ಆ ಮಗು ಇದನ್ನೆಲ್ಲ ವಿಂಗಡವಾಗಿಯೇ ಹೊಟ್ಟೆಯಲ್ಲಿಟ್ಟುಕೊಂಡದ್ದು ಯಾಕೆ ಎಂದು ವೇದಾಂತ ಓದಿದ ಗೆಳೆಯನನ್ನು ಕೇಳಿದೆ. "ಅದೂ ಮಾಯೆಯೇ ಮಾರಾಯ" ಅಂದ. ಇರಲಿ, ಮಾಯೆಗೂ ಯಾರೋ ಬ್ಯಾಕಪ್ ಇಟ್ಟಿದ್ದಾರಲ್ಲ ಅಂದೆ. ಅವನಿನ್ನೂ ಒಪ್ಪಿಲ್ಲ, ಸಿಕ್ಕಾಗಲೆಲ್ಲ ಜಗಳ ಅಲ್ಲಿಂದಲೇ ಶುರು.