ಯಾರ ಪಾಪ?

ಕುಂದಾಪುರದ ಕಡೆಯ ಒಂದು ಮನೆಯ ಚಾವಡಿಯಲ್ಲಿ ನಾಲ್ಕು ವರ್ಷದ ಮಗುವೊಂದನ್ನು ಕಂಡೆನು. ಮೂರು ವಾರಗಳಿಂದ ಬಿಟ್ಟು ಬಿಟ್ಟು ಬರುತ್ತಿದ್ದ ಜ್ವರ. ಬಿದ್ದ ನೆನಪಿಲ್ಲದಿದ್ದರೂ ಮೊಣಕಾಲಿನ ಕೆಳಗೆ ಮೂಡಿದ್ದ ನೀಲಿ ಕಲೆಗಳು. ಅಂಗಳಕ್ಕಿಳಿಯಲೊಲ್ಲದೆ, ಕಾಲು ನೋವೆಂದು ತಾಯಿಯ ಸೆರಗನ್ನು ಹಿಡಿದು ಕುಳಿತಿದ್ದ ಆ ಮಗುವಿನ ಮುಖವು ಬಿಳಿಚಿಹೋಗಿತ್ತು. ನೆರೆಮನೆಯ ವೃದ್ಧೆ, “ಯಾರ್ ಮಾಡಿದ್ ಪಾಪವೋ, ಈ ಮಗಿಗ್ ಬಂತ್!” ಎಂದು ನಿಟ್ಟುಸಿರಿಟ್ಟರು. ಕರುಣೆಯಿಂದಲೇ ಆಡಿದ ಮಾತು. ಆದರೆ ತಾಯಿ ತಲೆ ತಗ್ಗಿಸಿದಳು. ಅನಂತರ ಮಣಿಪಾಲದಲ್ಲಿ ಅಸ್ಥಿಮಜ್ಜೆಯನ್ನು ಪರೀಕ್ಷಿಸಿ, ಇದು ಮಕ್ಕಳ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯ, ಎಂದರೆ ರಕ್ತದ ಕ್ಯಾನ್ಸರ್, ಎಂದು ಹೇಳಿದರು. ರೋಗಕ್ಕೆ ಹೆಸರು ಸಿಕ್ಕಿದರೂ ಆ ತಲೆ ಮೇಲೇಳಲಿಲ್ಲ.

ಕರ್ಮಸಿದ್ಧಾಂತವು ಹುಟ್ಟಿದ್ದು ತಾಯಂದಿರನ್ನು ಕಟಕಟೆಗೆ ಏರಿಸುವುದಕ್ಕಲ್ಲ. ಒಬ್ಬನಿಗೆ ಸುಖವನ್ನೂ ಮತ್ತೊಬ್ಬನಿಗೆ ದುಃಖವನ್ನೂ ಕೊಡುವ ಈಶ್ವರನಲ್ಲಿ ವೈಷಮ್ಯ (ಪಕ್ಷಪಾತ), ನೈರ್ಘೃಣ್ಯ (ನಿರ್ದಯತೆ) ಎಂಬ ದೋಷಗಳು ಬಾರವೇ ಎಂಬ ಆಕ್ಷೇಪವನ್ನು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯವು ಎತ್ತಿಕೊಂಡು, ಆತನು ಜೀವರ ಕರ್ಮವನ್ನು ಅನುಸರಿಸಿಯೇ ಫಲವನ್ನು ಕೊಡುವನೆಂದು ಸಮಾಧಾನ ಹೇಳುತ್ತದೆ. ಅಲ್ಲಿಯೂ ಮಾಡಿದ ಜೀವನೇ ಉಣ್ಣತಕ್ಕವನು. ತಾಯಿಯ ಪಾಪವನ್ನು ಮಗುವಿನ ಮೈಗೆ ಹಚ್ಚುವ ಅಧಿಕಾರವನ್ನು ಆ ಶಾಸ್ತ್ರವು ಯಾರಿಗೂ ಕೊಟ್ಟಿಲ್ಲ. ಬ್ರಹ್ಮಾವರದ ಸಿರಿಯನ್ ಇಗರ್ಜಿಯ ಭಕ್ತರಿಗೂ ಈ ಪ್ರಶ್ನೆ ಹೊಸದಲ್ಲ: ಹುಟ್ಟುಕುರುಡನನ್ನು ಕಂಡು, ಪಾಪ ಅವನದೋ ತಂದೆತಾಯಿಗಳದೋ ಎಂದು ಶಿಷ್ಯರು ಕೇಳಿದಾಗ, ಯೋಹಾನನ ಸುವಾರ್ತೆಯ ಏಸು ಎರಡನ್ನೂ ನಿರಾಕರಿಸಿ ಅವನ ಕಣ್ಣಿನ ಕಡೆಗೆ ಕೈ ನೀಡಿದನು.

ಇನ್ನು ದೇಹದೊಳಗೆ ನಡೆದುದೇನು? ಈ ರೋಗದ ಒಂದು ಮುಖ್ಯ ಪ್ರಭೇದದಲ್ಲಿ, ರಕ್ತ ಹುಟ್ಟಿಸುವ ಜೀವಕಣವೊಂದರಲ್ಲಿ ಹನ್ನೆರಡನೆಯ ಮತ್ತು ಇಪ್ಪತ್ತೊಂದನೆಯ ವರ್ಣತಂತುಗಳು ಮುರಿದು, ತುಂಡುಗಳು ಅದಲುಬದಲಾಗಿ ಅಂಟಿಕೊಳ್ಳುತ್ತವೆ. ಹುಟ್ಟಿದಾಗ ಹಿಮ್ಮಡಿಯಿಂದ ಕಾಗದದ ಮೇಲೆ ತೆಗೆದಿಟ್ಟಿದ್ದ ರಕ್ತದ ಬೊಟ್ಟನ್ನು ವರ್ಷಗಳ ಬಳಿಕ ಪರೀಕ್ಷಿಸಿ, ಇಂತಹ ದೋಷವು ಗರ್ಭದಲ್ಲಿಯೇ ಉಂಟಾಗಬಹುದೆಂದು ವಿಜ್ಞಾನಿಗಳು ತೋರಿಸಿದ್ದಾರೆ. ಹಾಗೆಂದು ಇದು ಆನುವಂಶಿಕವೆಂದು ತಿಳಿಯಲಾಗದು: ಬಹುಪಾಲು ಮಕ್ಕಳಲ್ಲಿ ಈ ದೋಷವು ತಂದೆತಾಯಿಗಳಿಂದ ಬಂದುದಲ್ಲ, ಆ ಮಗುವಿನ ಒಂದು ಕಣದಲ್ಲಿ ಹೊಸತಾಗಿ ಆದುದು. ಅದನ್ನು ಹೊತ್ತು ಹುಟ್ಟಿದವರಲ್ಲಿಯೂ ಹೆಚ್ಚಿನವರಿಗೆ ರೋಗವೇ ಬಾರದು. ಮುಂದೆ ಮತ್ತೊಂದು ತಪ್ಪು ಕೂಡಿಕೊಂಡಾಗ ಮಾತ್ರ ಬಲಿಯದ ಬಿಳಿಕಣಗಳು ಮಜ್ಜೆಯನ್ನು ತುಂಬಿ, ಕೆಂಪುಕಣಗಳಿಗೂ ರಕ್ತ ಹೆಪ್ಪುಗಟ್ಟಿಸುವ ಕಣಗಳಿಗೂ ಎಡೆಯಿಲ್ಲದಂತೆ ಮಾಡುತ್ತವೆ. ಆ ಬಿಳಿಚಿದ ಮುಖ, ಆ ನೀಲಿ ಕಲೆಗಳು ಬಂದುದು ಹೀಗೆ. ತಾಯಿ ಬಸುರಿಯಾಗಿದ್ದಾಗ ಉಂಡುದರಲ್ಲಾಗಲಿ, ನಾಗಬನಕ್ಕೆ ಹೋಗದೆ ಉಳಿದುದರಲ್ಲಾಗಲಿ ಅದರ ಬೇರಿಲ್ಲ.

ಹಾಗಾದರೆ ಕೊಲ್ಲೂರಿಗೆ, ಆನೆಗುಡ್ಡೆಗೆ ಹೊತ್ತ ಹರಕೆ ವ್ಯರ್ಥವೇ? ನಾನು ಹಾಗೆನ್ನಲಾರೆ. ಈ ರೋಗದ ದೀರ್ಘ ಚಿಕಿತ್ಸೆಯಲ್ಲಿ ತಂದೆತಾಯಿಗಳ ಕಾಲು ನಿಲ್ಲುವಂತೆ ಮಾಡುವುದು ಅನೇಕ ಸಲ ಆ ಹರಕೆಯೇ. ಆದರೆ ಅನುಗ್ರಹವು ಗರ್ಭಗುಡಿಯಿಂದ ಮಾತ್ರ ಬರುವುದೆಂದು ಯಾರು ಹೇಳಿದರು? ನಮ್ಮ ಅಂಗಳಗಳಲ್ಲಿ ಯಾರೂ ನೀರೆರೆಯದಿದ್ದರೂ ಅರಳುವ ನಿತ್ಯಪುಷ್ಪದಿಂದ ಈ ರೋಗದ ಒಂದು ಮುಖ್ಯ ಔಷಧವಾದ ವಿಂಕ್ರಿಸ್ಟಿನ್ ಬಂದಿದೆ. 1947ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಮಕ್ಕಳಲ್ಲಿ ಪ್ರಯೋಗಿಸಿದ ಅಮಿನಾಪ್ಟೆರಿನ್ ಎಂಬ ಮದ್ದು, ಆಂಧ್ರದಿಂದ ಹೋಗಿದ್ದ ಯೆಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಲ್ಲಿ ಸಿದ್ಧವಾದುದು. ಅದಕ್ಕೆ ಮೊದಲು ಈ ರೋಗ ಬಂದ ಮಕ್ಕಳು ಕೆಲವೇ ತಿಂಗಳುಗಳಲ್ಲಿ ತೀರಿಕೊಳ್ಳುತ್ತಿದ್ದರು. ಇಂದು ಮುಂದುವರಿದ ದೇಶಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಬದುಕುತ್ತಾರೆ.

ಆದರೆ ಚಿಕಿತ್ಸೆಯು ಎರಡು ಮೂರು ವರ್ಷಗಳದು. ಮೊದಲ ತಿಂಗಳಲ್ಲಿಯೇ ಮಗು ಚೇತರಿಸಿಕೊಂಡು ಆಡತೊಡಗಿದಾಗ, ಬೈಂದೂರಿನಿಂದ ಮಣಿಪಾಲದವರೆಗಿನ ಅಲೆದಾಟಕ್ಕೆ ದಣಿದು, ದೋಷ ಕಳೆಯಿತೆಂದು ಮದ್ದು ನಿಲ್ಲಿಸಿದರೆ ಅಡಗಿದ್ದ ರೋಗ ಮರಳುತ್ತದೆ. ಆದುದರಿಂದ ಓದುಗರಲ್ಲಿ ನನ್ನ ಬೇಡಿಕೆ ಇಷ್ಟೆ: ಮಗುವಿಗೆ ಬಿಡದ ಜ್ವರ, ಕಾರಣವಿಲ್ಲದ ನೀಲಿ ಕಲೆ, ಎಲುಬು ನೋವು ಕಂಡರೆ ಆಶ್ಲೇಷಾಬಲಿಯ ದಿನಕ್ಕೆ ಕಾಯದೆ ಮೊದಲು ರಕ್ತಪರೀಕ್ಷೆ ಮಾಡಿಸಿರಿ, ಅಂತಹ ಮನೆಗೆ ಹೋದಾಗ ಪಾಪವೆಂಬ ಮಾತನ್ನು ಎತ್ತದಿರಿ.