ಚಿತ್ರವನ್ನು ತೋರಿಸುವದೂ ವಾಕ್ಯವನ್ನು ಕೇಳಿಸುವದೂ

ಮೂಲವಾಕ್ಯ: ಯೆರೆಮೀಯ 18:1-6



ದೇವರು ಯೆರೆಮೀಯನಿಗೆ ಒಂದು ಸಂದೇಶವನ್ನು ಕೊಡಬೇಕೆಂದಿದ್ದಾಗ ಅವನನ್ನು ಕುಂಬಾರನ ಮನೆಗೆ ಇಳಿದುಹೋಗುವಂತೆ ಅಪ್ಪಣೆಮಾಡಿದನು. ಪ್ರವಾದಿಯು ಹೋಗಿ ನೋಡಲಾಗಿ ತಿಗರಿಯು ತಿರುಗುತ್ತಿತ್ತು. ಮಾಡುತ್ತಿದ್ದ ಪಾತ್ರೆಯು ಕೈಯಲ್ಲಿಯೇ ಕೆಟ್ಟುಹೋಯಿತು. ಕುಂಬಾರನು ಆ ಮಣ್ಣನ್ನು ಬಿಸಾಡದೆ ಅದರಿಂದಲೇ ಬೇರೊಂದು ಪಾತ್ರೆಯನ್ನು ಮಾಡಿದನು. ಯೆರೂಸಲೇಮಿನವರು ಇಂಥ ತಿಗರಿಯನ್ನು ಎಷ್ಟೋ ಸಾರಿ ಕಂಡಿರಬೇಕು. ಆದರೂ ಅದು ತಾನಾಗಿ ಅವರಿಗೆ ಏನನ್ನೂ ಬೋಧಿಸಲಿಲ್ಲ. ಪ್ರವಾದಿಯು ನೋಡಿದ ಮೇಲೆ ದೇವರ ವಾಕ್ಯವು ಅವನಿಗೆ ಉಂಟಾಯಿತು. ಆಗ ಆ ಮಣ್ಣು ಇಸ್ರಾಯೇಲ್ ಮನೆತನವೆಂದೂ ಆ ಕೈ ದೇವರ ಕೈಯೆಂದೂ ತಿಳಿದುಬಂತು. ಮೊದಲು ಕಣ್ಣು ನೋಡಿತು. ಬಳಿಕ ಕಿವಿಯು ಅರ್ಥವನ್ನು ಪಡೆಯಿತು.

ಈ ಕ್ರಮವನ್ನು ನಾವು ಈಗ ಚೆನ್ನಾಗಿ ವಿಚಾರಿಸತಕ್ಕದ್ದು. ಯಾಕಂದರೆ ಸಭೆಗಳಲ್ಲಿ ಚಿತ್ರಗಳ ಮೂಲಕ ಬೋಧಿಸುವ ವಿಷಯವಾಗಿ ಎರಡು ಬಗೆಯ ಮಾತುಗಳು ಕೇಳಬರುತ್ತವೆ. ಕೆಲವರು, ವಿಗ್ರಹಗಳನ್ನು ಬಿಟ್ಟುಬಂದ ನಮಗೆ ಪ್ರಾರ್ಥನಾಲಯದಲ್ಲಿ ಚಿತ್ರವೇಕೆ ಅನ್ನುತ್ತಾರೆ. ಬೇರೆ ಕೆಲವರು, ಚಿತ್ರವನ್ನು ತೋರಿಸಿದರೆ ಸಾಕು, ಉಪದೇಶಿಯು ಬಾಯಿ ತೆರೆಯಬೇಕಾಗಿಲ್ಲ ಅನ್ನುತ್ತಾರೆ.

ಮೊದಲನೆಯವರ ಭಯವನ್ನು ನಾವು ಹಗುರವಾಗಿ ಎಣಿಸಬಾರದು. ಮೋಶೆಯು ದೇವರ ಅಪ್ಪಣೆಯಿಂದಲೇ ಅರಣ್ಯದಲ್ಲಿ ತಾಮ್ರದ ಸರ್ಪವನ್ನು ಎತ್ತಿ ನಿಲ್ಲಿಸಿದನು; ಅದನ್ನು ನೋಡಿದವರು ಬದುಕಿದರು. ಆದರೆ ಕಾಲಾನಂತರದಲ್ಲಿ ಜನರು ಅದಕ್ಕೆ ಧೂಪಹಾಕತೊಡಗಿದ್ದರಿಂದ ಅರಸನಾದ ಹಿಜ್ಕೀಯನು ಅದನ್ನು ಚೂರುಚೂರು ಮಾಡಿಸಿದನು (2 ಅರಸುಗಳು 18:4). ದೇವರೇ ಕೊಟ್ಟ ಗುರುತು ಕೂಡ ಹೀಗೆ ಉರುಲಾದೀತು. ಆದರೂ ನಮ್ಮ ಪಿತೃಗಳು ಚಿತ್ರವನ್ನು ಪೂರ್ಣವಾಗಿ ತಳ್ಳಿಬಿಡಲಿಲ್ಲ. 1522ರಲ್ಲಿ ವಿಟೆನ್‌ಬರ್ಗ್ ಊರಿನಲ್ಲಿ ಪ್ರತಿಮೆಗಳ ವಿಷಯವಾಗಿ ಗಲಭೆಯೆದ್ದಾಗ ಮಾರ್ಟಿನ್ ಲೂಥರನು ಹಿಂದಿರುಗಿ ಬಂದು ಎಂಟು ದಿವಸ ಪ್ರಸಂಗಮಾಡಿ, ಮೊದಲು ಹೃದಯವೇ ವಾಕ್ಯದಿಂದ ಬಿಡುಗಡೆಯಾಗಬೇಕೆಂದು ಬೋಧಿಸಿದನು. ಅದೇ ಲೂಥರನು 1529ರಲ್ಲಿ ತನ್ನ ಪ್ರಾರ್ಥನಾಪುಸ್ತಕದೊಳಗೆ ಸತ್ಯವೇದದ ಕಥೆಗಳ ಚಿತ್ರಗಳನ್ನು ಅಚ್ಚುಹಾಕಿಸಿದನು. ಮಕ್ಕಳೂ ಸಾಮಾನ್ಯ ಜನರೂ ದೇವರ ಕಾರ್ಯಗಳನ್ನು ನೆನಪಿನಲ್ಲಿಡಬೇಕೆಂಬದೇ ಅವನ ಉದ್ದೇಶವಾಗಿತ್ತು. ಓದಲಾರದ ತಾಯಂದಿರೂ ಮುದುಕರೂ ನಮ್ಮ ಸಭೆಗಳಲ್ಲಿ ಇರುವಷ್ಟು ಕಾಲ ಆ ಉದ್ದೇಶವು ನಮಗೂ ಸಲ್ಲುತ್ತದೆ.

ಎರಡನೆಯವರಿಗೆ ಒಂದು ನಿಜ ವೃತ್ತಾಂತವು ಉತ್ತರಕೊಡುತ್ತದೆ. ಡೇವಿಡ್ ಲಿವಿಂಗ್‌ಸ್ಟನ್ ಎಂಬ ಸ್ಕಾಟ್‌ಲೆಂಡಿನ ಸೇವಕನು 1854ರಲ್ಲಿ ಮಧ್ಯ ಆಫ್ರಿಕಾದ ಬಲೊಂಡ ಜನರ ನಾಯಕನಾದ ಶಿಂಟೆಯ ಊರಿಗೆ ಬಂದನು. ಅವನ ಬಳಿ ಮ್ಯಾಜಿಕ್ ಲ್ಯಾಂಟರ್ನ್ ಎಂಬ ಚಿತ್ರದೀಪವಿತ್ತು. ಗಾಜಿನ ಹಲಗೆಯ ಮೇಲಿನ ಚಿತ್ರವನ್ನು ದೀಪದ ಬೆಳಕು ದೊಡ್ಡದಾಗಿ ಮಾಡಿ ತೋರಿಸುತ್ತಿತ್ತು. ಅಬ್ರಹಾಮನು ಇಸಾಕನ ಮೇಲೆ ಕತ್ತಿಯನ್ನೆತ್ತಿದ ಚಿತ್ರವನ್ನು ಕಂಡ ಗಂಡಸರು, ಇದು ನಮ್ಮ ಮರ ಮಣ್ಣುಗಳ ಬೊಂಬೆಗಳಿಗಿಂತ ಹೆಚ್ಚಾಗಿ ದೇವರನ್ನು ಹೋಲುತ್ತದೆ ಅಂದುಕೊಂಡರು. ಆ ಹಲಗೆಯನ್ನು ಸರಿಸುವಾಗ ಕತ್ತಿಯು ತಮ್ಮ ಕಡೆಗೇ ಬರುತ್ತದೆಂದು ಹೆಂಗಸರು ಹೆದರಿ, ತಾಯೇ ತಾಯೇ ಎಂದು ಕೂಗುತ್ತಾ ಓಡಿಹೋದರು.

ಪ್ರಿಯರೇ, ಇಲ್ಲಿ ಆದದ್ದನ್ನು ಗಮನಿಸಿರಿ. ಚಿತ್ರವು ಒಬ್ಬರಿಗೆ ಹೊಸ ದೇವರಂತೆ ತೋರಿತು. ಮತ್ತೊಬ್ಬರಿಗೆ ಮರಣದಂತೆ ತೋರಿತು. ತನ್ನ ಮಗನನ್ನು ದೇವರಿಗೆ ಒಪ್ಪಿಸಿದ ತಂದೆಯ ನಂಬಿಕೆಯನ್ನು ಚಿತ್ರವೊಂದೇ ಯಾರಿಗೂ ತಿಳಿಸಲಾರದು. ಆದಕಾರಣವೇ ಲಿವಿಂಗ್‌ಸ್ಟನನು ಚಿತ್ರದ ಸಂಗತಿಯನ್ನು ಬಾಯಿಂದ ವಿವರಿಸಿದನು. ಅದರಲ್ಲಿ ಮಂತ್ರವಿದೆಯೆಂದು ಯಾರೂ ಭ್ರಮಿಸದ ಹಾಗೆ ದೀಪವು ಕೆಲಸಮಾಡುವ ರೀತಿಯನ್ನೂ ತೋರಿಸಿಕೊಟ್ಟನು. ಮುಂದೆ ಜನರು ದೂರದಿಂದ ಬಂದದ್ದು ಚಿತ್ರಗಳನ್ನು ನೋಡುವದಕ್ಕೆ ಮಾತ್ರವಲ್ಲ, ಆ ವಿವರಣೆಯನ್ನು ಕೇಳುವದಕ್ಕಾಗಿ ಸಹ.

ಗಾಜಿನ ಹಲಗೆಗಳ ತರುವಾಯ ಫಿಲ್ಮ್‌ಸ್ಟ್ರಿಪ್ಪು ಬಂತು. ಅದು 35 ಮಿಲಿಮೀಟರ್ ಅಗಲದ ಒಂದು ಚಿತ್ರಪಟ್ಟಿ. ಬೊಗಸೆಯಲ್ಲಿ ಅಡಗುವಷ್ಟು ಚಿಕ್ಕ ಸುರುಳಿಯಲ್ಲಿ ಹಲವು ಹತ್ತು ಚಿತ್ರಗಳಿರುತ್ತಿದ್ದವು. ಎರಡನೆಯ ಮಹಾಯುದ್ಧದ ನಂತರ ಅನೇಕ ದೇಶಗಳ ಸಭೆಗಳಲ್ಲಿಯೂ ಶಾಲೆಗಳಲ್ಲಿಯೂ ಇದು ಬಹಳವಾಗಿ ಬಳಕೆಯಾಯಿತು. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳು ಓಡಿಹೋಗುತ್ತವೆ. ಫಿಲ್ಮ್‌ಸ್ಟ್ರಿಪ್ಪಿನ ಚಿತ್ರವಾದರೋ ಬೋಧಕನು ಗುಂಡಿಯನ್ನು ತಿರುಗಿಸುವ ತನಕ ಅಲ್ಲಿಯೇ ನಿಲ್ಲುತ್ತಿತ್ತು. ಬಡವರ ಸಾಧನವೆಂದು ಕೆಲವರು ಎಣಿಸಿದ ಅದರ ದೊಡ್ಡ ಗುಣವು ಇದೇ. ತಪ್ಪಿಹೋದ ಮಗನು ಹಂದಿಗಳ ನಡುವೆ ಕೂತಿರುವ ಚಿತ್ರವು ಗೋಡೆಯ ಮೇಲೆ ನಿಂತಿರುವಾಗ, ಇವನು ಇಲ್ಲಿಗೆ ಬಂದದ್ದು ಹೇಗೆ ಎಂದು ಬೋಧಕನು ಕೇಳಬಹುದಾಗಿತ್ತು. ಮಗುವೊಂದು ಉತ್ತರಕೊಡಬಹುದಾಗಿತ್ತು. ಮಗನನ್ನು ಕಳೆದುಕೊಂಡ ತಾಯಿಯು ಕಣ್ಣೊರಸಿಕೊಳ್ಳುವದಕ್ಕೂ ಸಮಯವಿರುತ್ತಿತ್ತು. ಚಿತ್ರವು ನಿಂತದ್ದರಿಂದ ವಾಕ್ಯಕ್ಕೆ ಸ್ಥಳವು ದೊರೆಯಿತು.

1980ರ ದಶಕದಲ್ಲಿ ವಿಡಿಯೋ ಕ್ಯಾಸೆಟ್ಟುಗಳು ಹರಡಿದ ಮೇಲೆ ಆ ಸುರುಳಿಗಳು ಮೂಲೆಗೆ ಬಿದ್ದವು. ಲೂಕನ ಸುವಾರ್ತೆಯನ್ನು ಅನುಸರಿಸಿ 1979ರಲ್ಲಿ ಹೊರಟ ಯೇಸುವಿನ ಚಲನಚಿತ್ರವು ಕನ್ನಡವೂ ಸೇರಿ 2000ಕ್ಕೆ ಮೇಲ್ಪಟ್ಟ ಭಾಷೆಗಳಲ್ಲಿ ಕೇಳಬರುತ್ತದೆ. ಈಗ ಹೊಲದ ಬದುವಿನಲ್ಲಿ ಕೂತವನ ಮೊಬೈಲಿಗೂ ಅದು ಬರುತ್ತದೆ. ಇದಕ್ಕಾಗಿ ನಾವು ದೇವರನ್ನು ಸ್ತುತಿಸೋಣ. ಆದರೆ ಓಡುವ ಚಿತ್ರವು ನಮ್ಮ ಉತ್ತರಕ್ಕಾಗಿ ಕಾಯುವದಿಲ್ಲ. ಶಿಲುಬೆಯ ಮುಂದೆ ಅತ್ತ ಕಣ್ಣು ಮುಂದಿನ ಗಳಿಗೆಯಲ್ಲಿ ಬೇರೊಂದು ಆಟವನ್ನು ನೋಡಿ ನಗುತ್ತದೆ. ನಮ್ಮ ಮಕ್ಕಳು ನಟನ ಮುಖವನ್ನು ಗುರುತಿಸಿ, ರಕ್ಷಕನ ಸ್ವರವನ್ನು ಅರಿಯದೆ ಬೆಳೆದರೆ ನಮಗೆ ಏನು ಲಾಭ?

ಆದಕಾರಣ ಸಭಾಪಾಲಕರಿಗೂ ಉಪದೇಶಿಗಳಿಗೂ ಮನೆಯ ಯಜಮಾನರಿಗೂ ನಾವು ಹೇಳುವದೇನಂದರೆ, ಚಿತ್ರವನ್ನು ತೋರಿಸಿರಿ, ಆದರೆ ನಿಲ್ಲಿಸಿ ತೋರಿಸಿರಿ. ತೋರಿಸುವದಕ್ಕೆ ಮೊದಲು ಆ ಭಾಗವನ್ನು ಸತ್ಯವೇದದಿಂದ ಓದಿರಿ. ಇದು ಕರ್ತನ ರೂಪವಲ್ಲ, ಒಬ್ಬ ಮನುಷ್ಯನು ಮಾಡಿದ ವೇಷವೆಂದು ಚಿಕ್ಕವರಿಗೂ ಸ್ಪಷ್ಟವಾಗಿ ತಿಳಿಸಿರಿ. ಪರದೆಯ ಮುಂದೆ ಹೂವನ್ನೂ ದೀಪವನ್ನೂ ಇಡಗೊಡಿಸಬೇಡಿರಿ. ಒಂದೇ ರಾತ್ರಿಯಲ್ಲಿ ಕ್ರಿಸ್ತನ ಜೀವಮಾನವೆಲ್ಲವನ್ನು ತೋರಿಸಿ ಮುಗಿಸುವದಕ್ಕಿಂತ ಒಂದು ಸಾಮ್ಯವನ್ನು ತೋರಿಸಿ, ಬೆಳಕನ್ನು ಆರಿಸಿ, ಕಂಡದ್ದೇನು, ಕೇಳಿದ್ದೇನು, ನಾಳೆ ಮಾಡತಕ್ಕದ್ದೇನು ಎಂದು ವಿಚಾರಿಸುವದು ಲೇಸು. ನಂಬಿಕೆಯು ಕೇಳುವದರಿಂದ ಹುಟ್ಟುತ್ತದೆಂದು ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ತಿಳಿಸಿದ್ದನ್ನು ಮರೆಯದಿರೋಣ.

ಯೆರೆಮೀಯನು ಕುಂಬಾರನ ಮನೆಯಲ್ಲಿ ತಿಗರಿಯ ಅಂದವನ್ನು ನೋಡಿ ಹಿಂದಿರುಗಲಿಲ್ಲ. ಕೆಟ್ಟ ಪಾತ್ರೆಯನ್ನು ತಿರುಗಿ ರೂಪಿಸುವ ದೇವರ ಮಾತನ್ನು ಹೊತ್ತುಕೊಂಡು ತನ್ನ ಜನರ ಬಳಿಗೆ ಹೋದನು. ನಾವು ನೋಡಿದ ಪ್ರತಿಯೊಂದು ಚಿತ್ರದ ತರುವಾಯವೂ ಆತನ ಕೈಯಲ್ಲಿ ಮಣ್ಣಾಗಿರುವ ಮನಸ್ಸನ್ನು ಕರ್ತನು ನಮಗೆ ಅನುಗ್ರಹಿಸಲಿ. ಆಮೆನ್.