ಒಲ್ಲದ ಹಾಡಿಗೆ ಜಾಗ

ನಮಗೆ ಸೇರದ ಹಾಡನ್ನು ಇನ್ನೊಬ್ಬರು ಹಾಡಿದರೆ ನಾವು ಏನು ಮಾಡಬೇಕು? ಸುಮ್ಮನೆ ಕೂಡಬೇಕೋ, ಎದ್ದು ಹೋಗಬೇಕೋ, ಬಂದ್ ಮಾಡಿಸಬೇಕೋ? ಹಾಡುವವನ ಹಕ್ಕು ಎಲ್ಲೀತನಕ, ಮಲಗುವವನ ಹಕ್ಕು ಎಲ್ಲೀತನಕ? ಪ್ರತಿ ವರ್ಷ ಗಣಪತಿ ಹಬ್ಬ ಬಂದಾಗ ನಮ್ಮ ಮಹಾಗಾಂವದ ಕಟ್ಟಿ ಮ್ಯಾಲೆ ಈ ಪ್ರಶ್ನೆ ಏಳತೈತಿ. ಹಿರಿಯರು ಡಾಲ್ಬಿ ಬ್ಯಾಡ ಅಂತಾರ. ಹುಡುಗರು ವರ್ಷಕ್ಕೊಂದು ದಿನ ನಮ್ಮದು ಅಂತಾರ. ಗಣಪತಿ ನೀರಿಗೆ ಹೋದ ಮ್ಯಾಲೆ ಜಗಳವೂ ನೀರಿಗೆ ಹೋಗತೈತಿ. ಉತ್ತರ ಮಾತ್ರ ಮುಂದಿನ ವರ್ಷಕ್ಕೆ ಉಳೀತೈತಿ.

ಹತ್ತಿರದ ಜಗಳದಲ್ಲಿ ನ್ಯಾಯ ಕಾಣುವುದು ಕಷ್ಟ. ಒಂದು ಕಡೆ ಮಗ ಇರತಾನ, ಇನ್ನೊಂದು ಕಡೆ ಅಣ್ಣ ಇರತಾನ. ಅದಕ್ಕ ನಾನು ದೂರದ ಒಂದು ಊರಿನ ಉದಾಹರಣೆ ತಗೊಂಡೀನಿ. ಹೆವಿ ಮೆಟಲ್, ಹಾರ್ಡ್ ರಾಕ್ ಅಂತ ಒಂದು ಸಂಗೀತ ಐತಿ. ಅದಕ್ಕಿಂತ ಜೋರಿನ ಹಾಡು ಲೋಕದಾಗ ಕಡಿಮೆ. ಅದಕ್ಕೂ ಜಾತ್ರೆಗಳು ನಡೀತಾವ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮ ಮನೆಯ ಹುಡುಗನಿಗೆ ಅದರ ಹುಚ್ಚು ಬಾಳ. ಅವನಿಂದ ತಿಳಿದುಕೊಂಡು, ನನ್ನ ಬುದ್ಧಿಗೆ ಹೊಳೆದಷ್ಟು ಇಲ್ಲಿ ಬರೆಯುತ್ತೇನೆ.

ಮೊದಲು ಈ ಹಾಡು ಎಲ್ಲಿಂದ ಬಂತು ನೋಡೋಣ. ಇಂಗ್ಲೆಂಡಿನಲ್ಲಿ ಬರ್ಮಿಂಗ್‌ಹ್ಯಾಮ್ ಅಂತ ಒಂದು ಊರು. ಕಬ್ಬಿಣ, ತಗಡು, ಕಾರ್ಖಾನೆಗಳ ಊರು. ಅಲ್ಲಿ ಟೋನಿ ಅಯೋಮಿ ಎಂಬ 17 ವರ್ಷದ ಹುಡುಗ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಕೆಲಸ ಬಿಡುವ ಕಡೆಯ ದಿನವೇ ಯಂತ್ರಕ್ಕೆ ಕೈ ಸಿಕ್ಕು ಬಲಗೈಯ ಎರಡು ಬೆರಳಿನ ತುದಿ ಹೋದವು. ಅವನು ಎಡಚ. ಗಿಟಾರಿನ ತಂತಿ ಒತ್ತುವ ಕೈ ಅದೇ. ಇನ್ನೊಬ್ಬನಾಗಿದ್ದರೆ ಗಿಟಾರು ಅಟ್ಟಕ್ಕೆ ಏರಿಸುತ್ತಿದ್ದ. ಇವನು ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ತಂತಿ ಬಿಗಿ ಇದ್ದರೆ ನೋವಾಗತದ ಅಂತ ಮುಂದೆ ತಂತಿಯನ್ನೇ ಸಡಿಲ ಮಾಡಿದ. ತಂತಿ ಸಡಿಲಾದರೆ ಸ್ವರ ಕೆಳಗಿಳೀತೈತಿ, ಭಾರ ಆಗತೈತಿ. ಆ ಭಾರದ ಸದ್ದು ಈ ಸಂಗೀತದ ಗುರುತಾಯಿತು. 1968ರಲ್ಲಿ ಅವನು ಗೆಳೆಯರ ಜೋಡಿ ಕಟ್ಟಿದ ಮೇಳಕ್ಕೆ ಬ್ಲ್ಯಾಕ್ ಸಬ್ಬಾತ್ ಅಂತ ಹೆಸರಾಯಿತು. 1970ರಲ್ಲಿ ಅವರ ಮೊದಲ ರೆಕಾರ್ಡು ಬಂತು.

ಇದನ್ನು ಯಾಕೆ ಹೇಳಿದೆ ಅಂದ್ರ, ಈ ಹಾಡು ಕೇಳಿದ ಕೂಡಲೇ ನಮ್ಮವರು ಇದು ದೆವ್ವದ ಕೂಗು, ಹೊಟ್ಟೆ ತುಂಬಿದವರ ಆಟ ಅಂತಾರ. ಹಂಗಲ್ಲ. ಇದು ದುಡಿಯುವವರ ಕೈಯಿಂದ ಹುಟ್ಟಿದ ಹಾಡು. ನಮ್ಮ ಹಂತಿ ಪದ ಕಣದಾಗ ಹುಟ್ಟಿತು, ಬೀಸುವ ಪದ ಬೀಸುಕಲ್ಲಿನ ಮುಂದೆ ಹುಟ್ಟಿತು. ಅವರ ಪದ ಯಂತ್ರದ ಸದ್ದಿನಾಗ ಹುಟ್ಟಿತು. ಬೀಸುಕಲ್ಲಿನ ಸದ್ದು ಸಣ್ಣದು, ಯಂತ್ರದ ಸದ್ದು ದೊಡ್ಡದು. ಹಾಡಿನ ಸದ್ದು ಅದಕ್ಕ ತಕ್ಕಂಗ ಆಗೈತಿ.

ಇನ್ನೂ ಒಂದು ಮಾತು. ಒಂದು ಹಾಡು ಒಳ್ಳೆಯದೋ ಕೆಟ್ಟದ್ದೋ ಅಂತ ನಮ್ಮ ಕಿವಿ ಕೊಡುವ ತೀರ್ಪನ್ನು ಪೂರ್ತಿ ನಂಬಬಾರದು. ನಾನು ಗೀಗೀ ಪದ ಹಾಡುವವನು. ದಪ್ಪು ಹಿಡಿದು ಊರೂರು ಅಡ್ಡಾಡುವವರಿಗೆ ಮರ್ಯಾದಸ್ಥರು ಮಗಳನ್ನು ಕೊಡುತ್ತಿರಲಿಲ್ಲ. ಹಲಗಿಯದು ಇದಕ್ಕಿಂತ ದೊಡ್ಡ ಕಥೆ. ದೇವರ ಪಲ್ಲಕ್ಕಿ ಏಳಬೇಕಾದರೆ ಹಲಗಿ ಸದ್ದು ಬೇಕಾಗಿತ್ತು. ಹಲಗಿ ಬಡಿಯುವವನು ಮಾತ್ರ ಊಟದ ಪಂಕ್ತಿಯೊಳಗ ಬ್ಯಾಡಾಗಿದ್ದ. ಇಂದು ಶಾಲೆಯ ಗುರುಗಳು ಇವೆಲ್ಲ ಜಾನಪದ ಅಂತ ಮಕ್ಕಳಿಗೆ ಕಲಿಸತಾರ. ಹಾಡು ಬದಲಾಗಲಿಲ್ಲ, ಕೇಳುವವರ ಕಿವಿ ಬದಲಾಯಿತು. ಆದ್ದರಿಂದ ಹಾಡಿನ ರುಚಿ ಹಿಡಿದು ನ್ಯಾಯ ಹೇಳಬಾರದು.

ಹಂಗಾದರೆ ಯಾವುದನ್ನು ಹಿಡಿದು ಹೇಳಬೇಕು? ಅದಕ್ಕೆ ವಾಕೆನ್ ಎಂಬ ಹಳ್ಳಿಗೆ ಹೋಗೋಣ. ಅದು ಜರ್ಮನಿ ದೇಶದ ಉತ್ತರದಲ್ಲಿ, ಶ್ಲೆಸ್ವಿಗ್-ಹೋಲ್‌ಸ್ಟೈನ್ ಎಂಬ ರಾಜ್ಯದಲ್ಲಿದೆ. ಎರಡು ಸಾವಿರದ ಆಸುಪಾಸು ಜನ. ಹುಲ್ಲುಗಾವಲು, ಆಕಳು, ರೈತರ ಮನೆಗಳು. 1990ರ ಆಗಸ್ಟಿನಲ್ಲಿ ಥಾಮಸ್ ಯೆನ್ಸನ್, ಹೋಲ್ಗರ್ ಹ್ಯೂಬ್ನರ್ ಎಂಬ ಇಬ್ಬರು ತರುಣರು ಅಲ್ಲಿ ಖಡಿ ತೆಗೆದ ತಗ್ಗಿನಲ್ಲಿ ಒಂದು ಕಾರ್ಯಕ್ರಮ ಇಟ್ಟರು. ಆರು ಮೇಳಗಳು, ಸುಮಾರು 800 ಮಂದಿ. ನಮ್ಮ ಕಡೆ ಒಂದು ಸಾಧಾರಣ ಭಜನೆ ಸ್ಪರ್ಧೆಗೆ ಅಷ್ಟು ಮಂದಿ ಕೂಡತಾರ. ಇಂದು ಅದೇ ಊರಿಗೆ ಪ್ರತಿ ವರ್ಷ ಬೇಸಿಗೆಯಲ್ಲಿ 75–85 ಸಾವಿರ ಮಂದಿ ಬರುತ್ತಾರೆ. ಉದ್ದ ಕೂದಲು, ಕರೀ ಅಂಗಿ, ಮೈಮೇಲೆ ಹಚ್ಚೆ. ಹೊಲದಲ್ಲೇ ಡೇರೆ ಹಾಕಿ ನಾಲ್ಕು ದಿನ ಇರುತ್ತಾರೆ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಗೆ ಹೋಗಿ ಬಂಡಿಯ ಕೆಳಗೆ ಮಲಗಿ ಬಂದವರಿಗೆ ಇದು ಹೊಸದಲ್ಲ. ಜಾತ್ರೆ ಅಂದರೆ ಇದೇ.

ಆ ಊರಿನ ಮುದುಕರಿಗೆ ಈ ಹಾಡು ಸೇರುತ್ತಿತ್ತೇನು? ಬಾಳ ಮಂದಿಗೆ ಸೇರುತ್ತಿರಲಿಲ್ಲ. ಆ ಊರಿನ ಮೇಲೆ ಚೊ ಸುಂಗ್-ಹ್ಯುಂಗ್ ಎಂಬ ಕೊರಿಯಾ ಮೂಲದ ಹೆಣ್ಣುಮಗಳು 2006ರಲ್ಲಿ ಒಂದು ಚಿತ್ರ ಮಾಡಿದಳು. ಅದರೊಳಗ ಕಾಣುವವರು ಹೆಚ್ಚಾಗಿ ರೈತರು ಮತ್ತು ಅಜ್ಜಿಯರು. ಹಾಡು ಸೇರದಿದ್ದರೂ ಜಾತ್ರೆ ಮೂವತ್ತು ವರ್ಷದ ಮೇಲೆ ನಿಂತೈತಿ. ಯಾಕೆ ನಿಂತಿತು ಅನ್ನುವುದರಲ್ಲಿ ನಮ್ಮ ಪ್ರಶ್ನೆಗೆ ಉತ್ತರ ಐತಿ ಅಂತ ನನಗೆ ಅನಿಸತೈತಿ.

ಒಂದು, ಅಲ್ಲಿ ಹೊಲ ಕೇಳಿ ತಗೋತಾರ. ರೈತನ ಭೂಮಿಗೆ ಬಾಡಿಗೆ ಕೊಡತಾರ. ಎರಡು, ಲಾಭ ಓಣಿ ಓಣಿಗೆ ಹರೀತೈತಿ. ಊರಿನವರು ಅಂಗಳದಲ್ಲಿ ನಾಷ್ಟಾ ಮಾರುತ್ತಾರೆ, ಹುಡುಗರು ಕೈಗಾಡಿಯಲ್ಲಿ ಬಂದವರ ಸಾಮಾನು ಎಳೆದು ನಾಲ್ಕು ಕಾಸು ಗಳಿಸುತ್ತಾರೆ. ಮೂರು, ಊರಿನ ಹಾಡಿಗೂ ಅಲ್ಲಿ ಜಾಗ ಐತಿ. ಆ ಹಳ್ಳಿಯ ಬೆಂಕಿ ಆರಿಸುವ ದಳದವರದೇ ಒಂದು ಊದುವ ಮೇಳ ಇದೆ, ನಮ್ಮ ಲಗ್ನದ ಬ್ಯಾಂಡಿನಂಥದ್ದು. ಜಾತ್ರೆಯ ಶುರುವಿಗೆ ಅವರು ವೇದಿಕೆ ಏರಿ ತಮ್ಮ ಹಳೇ ಪದ ಊದುತ್ತಾರೆ. ಕರೀ ಅಂಗಿಯ ಸಾವಿರಾರು ಹುಡುಗರು ಕೈ ಎತ್ತಿ ಅವರಿಗೆ ಜಯಕಾರ ಹಾಕುತ್ತಾರೆ. ನಾಲ್ಕು, ಅದು ಮುಗಿಯತೈತಿ. ದಿನ ಗೊತ್ತು. ಮುಗಿದ ಮೇಲೆ ಹೊಲ ಸ್ವಚ್ಛ ಮಾಡಿ ರೈತನಿಗೆ ಒಪ್ಪಿಸಬೇಕು.

ಅಲ್ಲಿ ಎಲ್ಲಾ ಸುಖ ಅಂತ ನಾನು ಹೇಳೂದಿಲ್ಲ. 2023ರಲ್ಲಿ ಮಳೆ ಬಿದ್ದು ಹೊಲವೆಲ್ಲ ರಾಡಿ ಆಯಿತು. ಗಾಡಿಗಳು ಹುಗಿದವು, ಟ್ರ್ಯಾಕ್ಟರಿನಿಂದ ಎಳೆಯಬೇಕಾಯಿತು. ನಡೆಸುವವರು ಇನ್ನು ಯಾರೂ ಒಳಗೆ ಬರಬಾರದು ಅಂತ ಅರ್ಧಕ್ಕೇ ಬಾಗಿಲು ಹಾಕಿದರು. ಟಿಕೆಟ್ ಕೊಂಡ ಸಾವಿರಾರು ಮಂದಿ ತಿರುಗಿ ಹೋದರು. ಹೊಲ ಹೊರುವಷ್ಟೇ ಮಂದಿ ಅಂತ ತೀರ್ಮಾನ ಮಾಡುವುದೂ ಧರ್ಮವೇ.

ಈಗ ನಮ್ಮ ಕಡೆ ಬರೋಣ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಎಂಬ ಇಂಗ್ಲೆಂಡಿನ ಮೇಳ ಬಾರಿಸಿತು. ಈಶಾನ್ಯ ರಾಜ್ಯಗಳಿಂದ, ಮುಂಬೈಯಿಂದ ಹುಡುಗರು ರೈಲು ಹತ್ತಿ ಬಂದರು. ಮರುವರ್ಷ ಮೆಗಾಡೆಥ್ ಬಂತು. 2011ರ ಅಕ್ಟೋಬರದಲ್ಲಿ ಮೆಟಾಲಿಕಾ ಎಂಬ ಅಮೆರಿಕದ ಮೇಳ ಎರಡು ಕಡೆ ಬಾರಿಸಬೇಕಾಗಿತ್ತು. 28ಕ್ಕೆ ದಿಲ್ಲಿ ಹತ್ತಿರದ ಗುರಗಾಂವದಲ್ಲಿ ಮುಂದಿನ ಅಡ್ಡಗಟ್ಟಿನ ವ್ಯವಸ್ಥೆ ಸರಿ ಇಲ್ಲದ್ದಕ್ಕೆ ಕಾರ್ಯಕ್ರಮ ನಿಂತಿತು. ಸಿಟ್ಟಿಗೆದ್ದ ಮಂದಿ ವೇದಿಕೆ ಏರಿ ಸಾಮಾನು ಒಡೆದರು. 30ಕ್ಕೆ ಬೆಂಗಳೂರಿನಲ್ಲಿ ಅದೇ ಮೇಳ, ಅದೇ ಹಾಡು, ಕಾರ್ಯಕ್ರಮ ಪೂರ್ತಿ ಆಯಿತು. ಅಂದ ಮ್ಯಾಲೆ ಹಾಡು ಮಂದಿಯನ್ನು ಕೆಡಿಸುತ್ತದೆ ಅನ್ನುವ ಮಾತು ನಿಲ್ಲೂದಿಲ್ಲ. 2012ರಲ್ಲಿ ವಾಕೆನ್ ಜಾತ್ರೆಯ ನಂಟಿನಿಂದ ಬೆಂಗಳೂರು ಓಪನ್ ಏರ್ ಎಂಬ ಉತ್ಸವ ಶುರುವಾಯಿತು. ಮರುವರ್ಷ ಬೆಂಗಳೂರಿನದೇ ಕ್ರಿಪ್ಟೋಸ್ ಎಂಬ ಮೇಳ ಆ ಜರ್ಮನಿಯ ಹಳ್ಳಿಗೆ ಹೋಗಿ ಬಾರಿಸಿ ಬಂತು. 2019ರಲ್ಲಿ ದಿಲ್ಲಿಯ ಬ್ಲಡಿವುಡ್ ಎಂಬ ಮೇಳ ಅಲ್ಲಿಗೆ ಪಂಜಾಬಿ ಢೋಲ್ ಒಯ್ದಿತ್ತು. ಡೊಳ್ಳಿನ ಸದ್ದಿಗೆ ಆ ಹುಡುಗರು ಕುಣಿದರು. ಚರ್ಮವಾದ್ಯಕ್ಕೆ ಯಾವ ದೇಶದ ಗಡಿಯೂ ಇಲ್ಲ.

ಮುಂಬೈಯ ಸಂಗತಿ ಬೇರೆ. ಅಲ್ಲಿ 1986ರಲ್ಲಿ ಇಂಡಿಪೆಂಡೆನ್ಸ್ ರಾಕ್ ಎಂಬ ಉತ್ಸವ ಶುರುವಾಗಿ, ಬಾಳ ವರ್ಷ ರಂಗಭವನ ಎಂಬ ಬಯಲು ರಂಗಮಂದಿರದಲ್ಲಿ ನಡೀತು. ಆ ರಂಗಭವನದ ಹತ್ತಿರವೇ ದವಾಖಾನೆ, ಕಾಲೇಜು. 2000ದಲ್ಲಿ ಸರಕಾರ ಶಬ್ದದ ನಿಯಮ ತಂತು. ದವಾಖಾನೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರು ಶಾಂತ ವಲಯ ಅಂತಾಯಿತು. ರಂಗಭವನದ ಸಂಗೀತ ನಿಂತಿತು. ಹಾಡುವ ಹುಡುಗರಿಗೆ ಎಷ್ಟು ದುಃಖ ಆಗಿದ್ದೀತು ಅಂತ ಹಾಡುವವನಾಗಿ ನನಗೆ ಗೊತ್ತಾಗತದ. ಆದರೆ ಮಂಚದ ಮ್ಯಾಲೆ ಇದ್ದವನು ಎದ್ದು ಹೋಗುವಂಗಿಲ್ಲ. ಅಲ್ಲಿ ನ್ಯಾಯ ಮಂಚದ ಕಡೆಗೇ ವಾಲಬೇಕು.

ಇಲ್ಲಿಗೆ ನನ್ನ ಮಾತಿನ ತಿರುಳು ಬಂತು. ಹಾಡು ಯಾವುದು ಅನ್ನುವುದು ಪ್ರಶ್ನೆ ಅಲ್ಲ. ಕೇಳುವವನಿಗೆ ಎದ್ದು ಹೋಗುವ ದಾರಿ ಐತೋ ಇಲ್ಲೋ, ಅದು ಪ್ರಶ್ನೆ. ಅರಮನೆ ಮೈದಾನಕ್ಕೆ ಟಿಕೆಟ್ ತಗೊಂಡು ಹೋದವನು ಬ್ಯಾಸರಾದರೆ ಎದ್ದು ಬರತಾನ. ನಮ್ಮ ಓಣಿಯಲ್ಲಿ ಡಾಲ್ಬಿ ನಿಂತಾಗ ಬಾಣಂತಿ ಎಲ್ಲಿಗೆ ಹೋಗಬೇಕು? ಒಂದು ವರ್ಷ ಗಣಪತಿ ಬಿಡುವ ರಾತ್ರಿ ನಾನೇ ನೋಡೀನಿ. ಹತ್ತು ದಿನದ ಕೂಸು ಪ್ರತಿ ಹೊಡೆತಕ್ಕೆ ಬೆಚ್ಚಿ ಕೈಕಾಲು ಎತ್ತುತ್ತಿತ್ತು. ಅದರ ಅಜ್ಜಿ ಎರಡೂ ಕೈಯಿಂದ ಕೂಸಿನ ಕಿವಿ ಮುಚ್ಚಿ ಒಳಗಿನ ಕೋಣೆಯಲ್ಲಿ ಕೂತಿದ್ದಳು. ಗೋದಲಿಯಲ್ಲಿ ಎಮ್ಮೆ ಹಗ್ಗ ಜಗ್ಗಿ ಜಗ್ಗಿ ಕೊರಳು ಕೆತ್ತಿಸಿಕೊಂಡಿತ್ತು. ಹೊರಗೆ ಕುಣಿಯುವವರಿಗೆ ಇದು ಕಾಣೂದಿಲ್ಲ. ಅವರು ಕೆಟ್ಟವರಲ್ಲ, ನಮ್ಮ ಮಕ್ಕಳೇ. ಆದರೆ ಕಾಣದೇ ಇದ್ದದ್ದಕ್ಕೂ ಜವಾಬ್ದಾರಿ ಇರತೈತಿ.

ರೈತರಿಗೆ ಇದು ಬೇಗ ತಿಳೀತೈತಿ. ನನ್ನ ಕಬ್ಬಿಗೆ ನಾನು ನೀರು ಹಾಸಿದರೆ ಯಾರ ಅಪ್ಪಣೆ ಬೇಕಿಲ್ಲ. ಆ ನೀರು ಬದು ಒಡೆದು ಮಗ್ಗಲಿನವನ ಶೇಂಗಾದಾಗ ನಿಂತರೆ, ನೀರು ನನ್ನದು, ನನ್ನ ಇಚ್ಛೆ ಅನ್ನಲಿಕ್ಕೆ ಬರೂದಿಲ್ಲ. ನೀರಿಗೆ ಬದು ಹಾಕಬಹುದು. ಸದ್ದಿಗೆ ಬದು ಇಲ್ಲ. ಅದಕ್ಕೇ ಸದ್ದು ಮಾಡುವವನು ತಾನೇ ಬದು ಆಗಬೇಕು. 2005ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದರ ಅರ್ಥವೂ ಇಷ್ಟೇ: ಮಾತಾಡುವ ಹಕ್ಕು ನಿನಗೈತಿ, ಒಲ್ಲದವನ ಕಿವಿಯೊಳಗ ಒತ್ತಾಯದಿಂದ ತುರುಕುವ ಹಕ್ಕಿಲ್ಲ. ರಾತ್ರಿ 10ರಿಂದ ಮುಂಜಾನೆ 6ರ ತನಕ ಧ್ವನಿವರ್ಧಕ ಬಂದ್. ವರ್ಷಕ್ಕೆ 15 ದಿನದ ಒಳಗೆ, ಹಬ್ಬಕ್ಕಂತ, 12ರ ತನಕ ಸರಕಾರ ಸಡಿಲು ಕೊಡಬಹುದು. ವಸತಿಯ ಜಾಗದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಡಾಲ್ಬಿಯದು 100 ದಾಟತೈತಿ.

ಹುಡುಗರು ಇದಕ್ಕೆ ಒಂದು ಮಾತು ಹೇಳತಾರ, ಅದನ್ನೂ ಕೇಳಬೇಕು. “ಕಾಕಾ, ನೀವು ಬೆಳತನ ಗೀಗೀ ಹಾಡಿದ್ರಿ, ಭಜನಿ ಮಾಡಿದ್ರಿ. ಆಗ ಯಾರೂ ಡೆಸಿಬಲ್ ಎಣಿಸಲಿಲ್ಲ. ನಮ್ಮ ಸರತಿ ಬಂದಾಗ ಕಾಯ್ದೆ ಬಂತೇನ್ರಿ?” ಈ ಮಾತಿನೊಳಗ ನ್ಯಾಯ ಐತಿ. ಹಳ್ಳಿಯ ತರುಣನಿಗೆ ವರ್ಷದಾಗ ಮೈಬಿಚ್ಚಿ ಕುಣಿಯುವ ದಿನ ಎಷ್ಟು? ನೌಕರಿ ಇಲ್ಲ, ಲಗ್ನಕ್ಕೆ ಕನ್ಯಾ ಸಿಗೂದಿಲ್ಲ, ಕಬ್ಬಿನ ಬಿಲ್ಲು ಹೊತ್ತಿಗೆ ಬರೂದಿಲ್ಲ. ಎದೆಯೊಳಗ ಬಡಿಯುವ ಸದ್ದು ಅವನಿಗೆ ಯಾಕೆ ಬೇಕು ಅಂತ ಬೈಯುವುದಕ್ಕಿಂತ ಮೊದಲು ವಿಚಾರ ಮಾಡಬೇಕು. ಬರ್ಮಿಂಗ್‌ಹ್ಯಾಮಿನ ಹುಡುಗರಿಗೂ ಇದೇ ಬೇಕಾಗಿತ್ತು. ಬರೇ ಬ್ಯಾಡ ಅನ್ನುವ ಊರಿನಿಂದ ಹುಡುಗರು ದೂರ ಆಗತಾರ. ನೆರೆಯವನ ಹಾಡನ್ನು ವರ್ಷದಾಗ ಸ್ವಲ್ಪ ಹೊತ್ತು ಸಹಿಸುವುದು ಕೂಡ ಊರಿನೊಳಗ ಬದುಕುವವನ ಋಣ.

ಗೀಗೀ ಮೇಳದ ಒಂದು ರೀತಿ ಹೇಳತೀನಿ. ಹರದೇಶಿಯವರು ಗಂಡು ಹೆಚ್ಚು ಅಂತ ಹಾಡತಾರ, ನಾಗೇಶಿಯವರು ಹೆಣ್ಣು ಹೆಚ್ಚು ಅಂತ ಹಾಡತಾರ. ರಾತ್ರಿಯೆಲ್ಲ ವಾದ. ಆದರೆ ಒಬ್ಬರು ಹಾಡುವಾಗ ಇನ್ನೊಬ್ಬರು ದಪ್ಪು ಕೆಳಗಿಟ್ಟು ಕೇಳಬೇಕು. ಎದುರಿನ ಸವಾಲು ಕೇಳದಿದ್ದರೆ ಜವಾಬು ಹೆಂಗ ಕೊಡತಿ? ಎದುರಿನವನ ದನಿ ಮುಚ್ಚಿಸಿದವನು ಗೆದ್ದ ಅಂತ ಯಾವ ಊರಿನ ಪಂಚರೂ ಹೇಳಿದ್ದಿಲ್ಲ. ವಿರೋಧ ಇದ್ದೇ ಸರತಿ ನಡೆಯತೈತಿ. ಊರು ನಡೆಯುವುದೂ ಹಂಗೇ.

ಆದ್ದರಿಂದ ಓದುವವರ ಮುಂದೆ ನಾಲ್ಕು ಮಾತು ಇಡತೀನಿ. ಮೆರವಣಿಗೆಯ ದಾರಿ ಗೊತ್ತು ಮಾಡುವುದಕ್ಕಿಂತ ಮೊದಲು ಮಂಡಳದ ಹುಡುಗರು ಆ ದಾರಿಯ ಮನೆ ಮನೆಗೆ ಹೋಗಿ ಕೇಳಲಿ: ಬಾಣಂತಿ ಇದ್ದಾರೋ, ಹಾಸಿಗೆ ಹಿಡಿದವರು ಇದ್ದಾರೋ? ಇದ್ದರೆ ಅಲ್ಲಿ ಲೇಜೀಮ ಆಡಲಿ, ಪೆಟ್ಟಿಗೆ ಬಂದ್ ಇರಲಿ. ದೊಡ್ಡ ಸದ್ದು ಬೇಕಾದವರಿಗೆ ಊರ ಹೊರಗೆ ಖಾಲಿ ಇರುವ ಹೊಲವನ್ನು ಹಿರಿಯರೇ ಕೊಡಿಸಲಿ, ಅಲ್ಲಿ ಹೊತ್ತು ಮೀರದಂಗ ಕುಣಿಯಲಿ. ಹುಡುಗರ ವೇದಿಕೆಯ ಮ್ಯಾಲೆ ಮೊದಲ ಅರ್ಧ ತಾಸು ಊರಿನ ಭಜನೆಗೆ, ಹಲಗಿಗೆ ಸಿಗಲಿ. ಮತ್ತು ನಮ್ಮಂಥ ಹಿರಿಯರು ಒಂದಾದರೂ ಪದ ಅವರದು ಪೂರ್ತಿ ನಿಂತು ಕೇಳಿ ಬರೋಣ. ಈ ವರ್ಷ ಆ ಹೊಲಕ್ಕೆ ಬದುವಿನ ಕಡೆಯ ನನ್ನ ಅರ್ಧ ಎಕರೆ ಹಿಡಿಯಿರಿ ಅಂತ ಮಂಡಳದವರಿಗೆ ಹೇಳೀನಿ. ಶೇಂಗಾ ಅಷ್ಟರಾಗ ಕಿತ್ತಿರತೈತಿ.